ಮನೆಯ ಲೆಕ್ಕ, ಸಂಘದ ಲೆಕ್ಕ

ಬ್ಯಾಂಕಿನಿಂದ ನಿವೃತ್ತನಾದವನು ಅಂತ ಗೊತ್ತಾದ ಕೂಡಲೇ ಜನ ಎರಡು ಮಾತು ಕೇಳುತ್ತಾರೆ. ಮೊದಲನೆಯದು, "ತೆರಿಗೆ ಉಳಿಸೋದು ಹೇಗೆ, ಸ್ವಲ್ಪ ಹೇಳಿ." ಎರಡನೆಯದು, "ನಮ್ಮ ಸಂಘಕ್ಕೆ ಒಬ್ಬ ಖಜಾಂಚಿ ಬೇಕು, ನೀವು ಹೇಗೂ ಮನೆಯಲ್ಲೇ ಇರ್ತೀರಲ್ಲ." ಶಿವಮೊಗ್ಗದ ನಮ್ಮ ಬಡಾವಣೆಯಲ್ಲಿ ಈ ಎರಡರಲ್ಲಿ ಒಂದನ್ನಾದರೂ ನನ್ನನ್ನು ಕೇಳದವರು ಕಡಿಮೆ. ಮೊದಲನೆಯದಕ್ಕೆ ಗೊತ್ತಿದ್ದಷ್ಟು ಹೇಳುತ್ತೇನೆ. ಎರಡನೆಯದರಿಂದ ಐದು ವರ್ಷ ತಪ್ಪಿಸಿಕೊಂಡು ಓಡಾಡಿ ಆರನೇ ವರ್ಷ ಸಿಕ್ಕಿಬಿದ್ದೆ.

ನಾನು ಬಿ.ಕಾಂ. ಮುಗಿಸಿ 1973ರಲ್ಲಿ ಗುಮಾಸ್ತನಾಗಿ ಸೇರಿದವನು. 2011ರಲ್ಲಿ ಗುಮಾಸ್ತನಾಗಿಯೇ ಹೊರಬಂದೆ. ಬಡ್ತಿ ಎಂದರೆ ವರ್ಗಾವಣೆ, ವರ್ಗಾವಣೆ ಎಂದರೆ ವಯಸ್ಸಾದ ತಾಯಿಯನ್ನು ನೋಡಿಕೊಳ್ಳುವವರು ಯಾರು ಎಂಬ ಚಿಂತೆ. ಹಾಗಾಗಿ ಬಡ್ತಿ ಪರೀಕ್ಷೆಗೆ ಕೂರಲೇ ಇಲ್ಲ. 38 ವರ್ಷ ಕೌಂಟರಿನ ಈಚೆ ಕುಳಿತು ಆಚೆಯವರ ಮುಖ ನೋಡಿದ್ದೇನೆ. ಹಣ ಕಟ್ಟುವಾಗಿನ ಮುಖ ಬೇರೆ, ತೆಗೆಯುವಾಗಿನ ಮುಖ ಬೇರೆ, ಬಡ್ಡಿಯಲ್ಲಿ ತೆರಿಗೆ ಮುರಿದಿದ್ದಾರೆ ಎಂದು ಗೊತ್ತಾದಾಗಿನ ಮುಖ ಇನ್ನೂ ಬೇರೆ.

ಏಪ್ರಿಲ್ ಬಂತೆಂದರೆ ನಮ್ಮ ಶಾಖೆಯಲ್ಲಿ ಹಿರಿಯರ ಸಾಲು. ಎಲ್ಲರ ಕೈಯಲ್ಲೂ 15ಎಚ್ ನಮೂನೆ. 'ಈ ವರ್ಷ ನನ್ನ ಒಟ್ಟು ಆದಾಯಕ್ಕೆ ತೆರಿಗೆಯೇ ಬರುವುದಿಲ್ಲ, ಆದ್ದರಿಂದ ಠೇವಣಿಯ ಬಡ್ಡಿಯಲ್ಲಿ ಮುರಿದುಕೊಳ್ಳಬೇಡಿ' ಎಂದು ಬರೆದುಕೊಡುವ ಕಾಗದ ಅದು. ಪಿಂಚಣಿ, ಎರಡು ಮನೆ ಬಾಡಿಗೆ, ಮೂರು ಬ್ಯಾಂಕಿನಲ್ಲಿ ಠೇವಣಿ ಇದ್ದವರೂ ಅದೇ ಸಾಲಿನಲ್ಲಿ ನಿಂತು, "ಇದಕ್ಕೆ ಸಹಿ ಹಾಕಿದ್ರೆ ತೆರಿಗೆ ಇಲ್ಲ ಅಲ್ವೇನಪ್ಪಾ?" ಎನ್ನುತ್ತಿದ್ದರು. ಮುರಿದುಕೊಳ್ಳುವುದಿಲ್ಲ ಅಷ್ಟೇ, ತೆರಿಗೆ ಇಲ್ಲ ಅಂತಲ್ಲ ಎಂದು ದಿನಕ್ಕೆ 40 ಸಲ ಹೇಳಿ ಗಂಟಲು ಒಣಗುತ್ತಿತ್ತು. 60 ದಾಟಿದವರಿಗೆ ಒಂದು ಬ್ಯಾಂಕಿನಲ್ಲಿ ವರ್ಷಕ್ಕೆ 50,000 ರೂಪಾಯಿ ಬಡ್ಡಿಯವರೆಗೆ ಮುರಿಯುವುದಿಲ್ಲ ಎಂದಿದ್ದ ಮಿತಿ 2025ರ ಏಪ್ರಿಲ್‌ನಿಂದ 1 ಲಕ್ಷವಾಯಿತು. ಅದನ್ನು ಓದಿ, 1 ಲಕ್ಷ ಬಡ್ಡಿಗೆ ತೆರಿಗೆಯೇ ಇಲ್ಲವಂತೆ ಎಂದು ನಮ್ಮ ಪಾರ್ಕಿನ ಕಲ್ಲುಬೆಂಚಿನ ಮೇಲೆ ಈಗಲೂ ಚರ್ಚೆ ನಡೆಯುತ್ತದೆ. ಬ್ಯಾಂಕು ಮುರಿಯಲಿ ಬಿಡಲಿ, ಬಡ್ಡಿಯನ್ನು ನಮ್ಮ ಆದಾಯಕ್ಕೆ ಸೇರಿಸಿಯೇ ಲೆಕ್ಕ ಹಾಕಬೇಕು.

ನಮ್ಮ ಮನೆಯಲ್ಲೂ ಒಂದು ಚರ್ಚೆ ಆಯಿತು. ಮಗ ಒಂದು ದಿನ ಊಟ ಮಾಡುತ್ತಾ, "ಅಪ್ಪಾ, ನಿಮ್ಮ 5 ಲಕ್ಷದ ಠೇವಣಿಯನ್ನು ಪುಟ್ಟಿಯ ಹೆಸರಿಗೆ ಮಾಡಿಬಿಡಿ. ಅವಳಿಗೆ ಆದಾಯ ಇಲ್ಲ, ತೆರಿಗೆಯ ರಗಳೆಯೂ ಇರಲ್ಲ" ಎಂದ. ಪುಟ್ಟಿ ಎಂದರೆ ಮೊಮ್ಮಗಳು, ಎಂಟನೇ ತರಗತಿ. ಅವಳು ಸಾರು ಕಲಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. 5 ಲಕ್ಷ ತನ್ನ ಹೆಸರಿಗೆ ಬರುವುದಾದರೆ ಯಾರು ನೋಡುವುದಿಲ್ಲ?

ಆದರೆ ಕಾನೂನು ಹಾಗಿಲ್ಲ. ಮಗುವಿನ ಹೆಸರಿನಲ್ಲಿ ಬರುವ ಬಡ್ಡಿ, ಆ ಮಗುವಿಗೆ 18 ತುಂಬುವವರೆಗೆ, ಅಪ್ಪ-ಅಮ್ಮರಲ್ಲಿ ಯಾರ ಆದಾಯ ಹೆಚ್ಚೋ ಅವರ ಲೆಕ್ಕಕ್ಕೆ ಸೇರುತ್ತದೆ. ಹಣ ಕೊಟ್ಟವನು ಅಜ್ಜನಾದರೂ ಅಷ್ಟೇ. ಶೇಕಡಾ 7ರಂತೆ 5 ಲಕ್ಷಕ್ಕೆ ವರ್ಷಕ್ಕೆ 35,000 ಬಡ್ಡಿ. ನನ್ನ ಹೆಸರಿನಲ್ಲಿದ್ದರೆ, ನನ್ನ ಆದಾಯ ತೆರಿಗೆಯ ಮಿತಿಯೊಳಗೇ ಇರುವುದರಿಂದ, ಏನೂ ಇಲ್ಲ. ಪುಟ್ಟಿಯ ಹೆಸರಿಗೆ ಮಾಡಿದರೆ ಅದು ಶೇಕಡಾ 30ರ ಹಂತದಲ್ಲಿರುವ ಮಗನ ತಲೆಗೆ ಬಂದು ಅವನು 10,000ಕ್ಕೂ ಮೇಲೆ ಕಟ್ಟಬೇಕು. ತೆರಿಗೆ ಉಳಿಸಲು ಹೋಗಿ ತೆರಿಗೆ ಕೊಂಡುತಂದ ಹಾಗೆ. "ಹಾಗಾದ್ರೆ ನಿಮ್ಮ ಸೊಸೆ ಹೆಸರಿಗೆ?" ಎಂದ. ಮಾವ ಸೊಸೆಗೆ ಕೊಟ್ಟ ಹಣದ ಬಡ್ಡಿ ಮಾವನ ಆದಾಯಕ್ಕೇ ವಾಪಸು ಬರುತ್ತದೆ. ಗಂಡ ಹೆಂಡತಿಗೆ ಕೊಟ್ಟದ್ದೂ ಹಾಗೆಯೇ. ದೊಡ್ಡವರಾದ ಮಗನಿಗೋ ಮಗಳಿಗೋ ಕೊಟ್ಟರೆ ಪಡೆದ ಹಣಕ್ಕೆ ತೆರಿಗೆ ಇಲ್ಲ, ಮುಂದಿನ ಬಡ್ಡಿ ಮಾತ್ರ ಅವರದು. ಈ ಕಾನೂನು ಬರೆದವರು ನಮ್ಮ ಮನೆಗಳ ಊಟದ ಕೋಣೆಯಲ್ಲಿ ಕುಳಿತು ಬರೆದಿರಬೇಕು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಪುಟ್ಟಿಗೆ ನಿರಾಸೆಯಾಯಿತು. "ಹಾಗಾದ್ರೆ ನನಗೆ ಚಿತ್ರ ಬಿಡಿಸಿದ್ದಕ್ಕೆ ಬಂದ 500 ರೂಪಾಯಿಯೂ ಅಪ್ಪಂದೇನಾ?" ಎಂದಳು. ಅಲ್ಲ ಮಗಳೇ. ಮಗು ತನ್ನ ಕೈಕೆಲಸದಿಂದ, ತನ್ನ ಜಾಣ್ಮೆಯಿಂದ ದುಡಿದದ್ದು ಮಗುವಿನದೇ ಆದಾಯ, ಅಪ್ಪನಿಗೆ ಸೇರಿಸುವಂತಿಲ್ಲ ಎಂದು ಅದೇ ಕಾನೂನು ಹೇಳುತ್ತದೆ. ಮಕ್ಕಳೇ, ಇದನ್ನು ನೀವೂ ನೆನಪಿಡಿ, ಅಪ್ಪನಿಗೆ ಹೇಳಲು ಬರುತ್ತದೆ.

2015ರಲ್ಲಿ ಸುಕನ್ಯಾ ಸಮೃದ್ಧಿ ಯೋಜನೆ ಬಂದಾಗ ಪುಟ್ಟಿಗೆ ಮೂರು ವರ್ಷ. 10 ವರ್ಷದೊಳಗಿನ ಹೆಣ್ಣುಮಗುವಿಗಾಗಿ ಇರುವ ಖಾತೆ. ಈಗ ವರ್ಷಕ್ಕೆ ಕನಿಷ್ಠ 250, ಗರಿಷ್ಠ 1.5 ಲಕ್ಷ ಕಟ್ಟಬಹುದು. 15 ವರ್ಷ ಕಟ್ಟುವುದು, 21 ವರ್ಷಕ್ಕೆ ಕೈಗೆ ಬರುವುದು. ಬಡ್ಡಿಗೆ ತೆರಿಗೆ ಇಲ್ಲ. ಅಜ್ಜ-ಅಜ್ಜಿಯರು ಗಮನಿಸಬೇಕಾದ ಮಾತೆಂದರೆ, ಖಾತೆಯನ್ನು ತಂದೆ-ತಾಯಿ ಇಲ್ಲವೇ ಕಾನೂನಿನ ಪ್ರಕಾರ ಪೋಷಕರಾದವರೇ ತೆರೆಯಬೇಕು. ಹಣ ನೀವು ಕೊಡಬಹುದು, ಸಹಿ ಅವರದು. ಪ್ರತಿ ಯುಗಾದಿಗೆ ಪುಟ್ಟಿಯ ಖಾತೆಗೆ ನನ್ನ ಪಿಂಚಣಿಯಿಂದ ಒಂದಿಷ್ಟು ಹೋಗುತ್ತದೆ.

ಆವತ್ತು ರಾತ್ರಿ ಅವಳು ಒಂದು ಪ್ರಶ್ನೆ ಹಾಕಿದಳು. "ತಾತ, ಸುಕನ್ಯಾದಲ್ಲಿ ಹಾಕಿ ತೆರಿಗೆ ಉಳಿಸಿದ್ರೆ ಜಾಣತನ ಅಂತೀರಿ. ನನ್ನ ಹೆಸರಲ್ಲಿ ಠೇವಣಿ ಇಟ್ಟು ಯಾರಿಗೂ ಹೇಳದೆ ಇದ್ರೆ ಮೋಸ ಅಂತೀರಿ. ಎರಡರಲ್ಲೂ ದುಡ್ಡು ಉಳಿಯುತ್ತಲ್ಲ?" ನಾನು ಹೇಳಿದ್ದು ಇಷ್ಟು: ಒಂದನ್ನು ರಿಟರ್ನ್ ನಮೂನೆಯಲ್ಲಿ ಇದ್ದದ್ದು ಇದ್ದ ಹಾಗೆ ಬರೆದು ಕೆಳಗೆ ಸಹಿ ಹಾಕಬಹುದು. ಇನ್ನೊಂದನ್ನು ಬರೆಯಲು ಜಾಗವೇ ಇಲ್ಲ.

ಇನ್ನು ಸಂಘದ ಕತೆ. ನಮ್ಮದು ಚಿಕ್ಕ ಸಂಘ. ಬಡಾವಣೆಯ ಸುತ್ತಮುತ್ತಲ ಬಡಮಕ್ಕಳಿಗೆ ನೋಟ್‌ಬುಕ್ಕು, ಸಮವಸ್ತ್ರದ ಹೊಲಿಗೆ, ಬಸ್ ಪಾಸು ಕೊಡಿಸುವುದು ಮುಖ್ಯ ಕೆಲಸ. ಒಂದು ಮಗುವಿಗೆ ವರ್ಷಕ್ಕೆ 3,000 ಬೇಕು. ಹಿಂದಿನ ಖಜಾಂಚಿ ದೇವರಂಥ ಮನುಷ್ಯರು. ಒಂದು ಪೈಸೆ ಮುಟ್ಟಿದವರಲ್ಲ. ಆದರೆ ಲೆಕ್ಕವೆಲ್ಲ ಅವರ ತಲೆಯಲ್ಲೇ. ಒಂದು ಬೆಳಗ್ಗೆ ಲಕ್ವ ಹೊಡೆದು ಮಾತು ನಿಂತಿತು, ಜೊತೆಗೆ ಸಂಘದ ಲೆಕ್ಕವೂ ನಿಂತಿತು. ಹದಿನೈದು ದಿನದ ಮೇಲೆ ನಾವು ಮೂವರು ಅವರ ಮನೆಗೆ ಹೋದೆವು. ಅವರ ಹೆಂಡತಿ ಬೀರುವಿನಿಂದ ಎರಡು ಡೈರಿ, ಅರ್ಧ ಹರಿದ ರಸೀದಿ ಪುಸ್ತಕ, ರಬ್ಬರ್ ಬ್ಯಾಂಡ್ ಹಾಕಿದ ಒಂದು ಕವರು ತಂದಿಟ್ಟರು. ಕವರಿನಲ್ಲಿ 11,400 ರೂಪಾಯಿ ಇತ್ತು. "ಇದು ಮನೆಯದೋ ಸಂಘದ್ದೋ ನನಗೆ ಗೊತ್ತಿಲ್ಲ ಅಣ್ಣಾ. ಅವರನ್ನ ಕೇಳಿದ್ರೆ ಕಣ್ಣಲ್ಲಿ ನೀರು ಹಾಕ್ತಾರೆ. ನೀವೇ ತಗೊಂಡ್ಹೋಗಿ" ಎಂದರು. ಆ ಮನೆಯಲ್ಲಿ ಆಗ ಔಷಧಿಗೆ ದುಡ್ಡಿನ ತಾಪತ್ರಯ ಇತ್ತೆಂದು ನಮಗೆ ಮೂವರಿಗೂ ಗೊತ್ತಿತ್ತು. ತೆಗೆದುಕೊಂಡರೆ ಅವರ ಮನೆಯ ಹಣ ತಂದಂತಾಗಬಹುದು, ಬಿಟ್ಟರೆ ಮಕ್ಕಳ ಹಣ ಬಿಟ್ಟಂತಾಗಬಹುದು. ರಸೀದಿಗಳನ್ನೆಲ್ಲ ಜೋಡಿಸಿ, ಡೈರಿಗಳನ್ನು ಓದಿ, ದಾನಿಗಳ ಮನೆಮನೆಗೆ ಹೋಗಿ ಕೇಳಿ, 7,900 ಸಂಘದ್ದು ಎಂದು ಲೆಕ್ಕ ಹಿಡಿಯುವುದಕ್ಕೆ ಎರಡು ತಿಂಗಳು ಹಿಡಿಯಿತು. ಅಷ್ಟು ದಿನವೂ ಆ ಕವರು ಆ ಬೀರುವಿನಲ್ಲೇ ಇತ್ತು. ಆ ತಾಯಿ ಅದರಿಂದ ಒಂದು ನೋಟು ತೆಗೆಯಲಿಲ್ಲ.

ಖಜಾಂಚಿಯಾಗಲು ಒಪ್ಪಿದ್ದು ಆಮೇಲೆಯೇ. ಕೆಲವು ಷರತ್ತು ಹಾಕಿದೆ. ರಸೀದಿ ಪುಸ್ತಕಕ್ಕೆ ಅಚ್ಚಾದ ಕ್ರಮಸಂಖ್ಯೆ ಇರಬೇಕು, ಕೆಟ್ಟ ರಸೀದಿಯನ್ನು ಹರಿದು ಬಿಸಾಡಬಾರದು, ಅಡ್ಡಗೆರೆ ಎಳೆದು ಅಲ್ಲೇ ಬಿಡಬೇಕು. ಬಂದ ನಗದು ಮೊದಲು ಬ್ಯಾಂಕಿಗೆ, ಆಮೇಲೆ ಖರ್ಚಿಗೆ. ಚೆಕ್ಕಿಗೆ ಇಬ್ಬರ ಸಹಿ, ಅದರಲ್ಲಿ ಒಬ್ಬರು ಮೊದಲೇ ಖಾಲಿ ಚೆಕ್ಕಿಗೆ ಸಹಿ ಹಾಕಿ ಇಡುವಂತಿಲ್ಲ. ಈ ಕಡೆಯ ಮಾತಿಗೆ ಅಧ್ಯಕ್ಷರು ಮುಖ ಸಣ್ಣದು ಮಾಡಿದರು, ಯಾಕೆಂದರೆ ಅವರು ಬೆಂಗಳೂರಿಗೆ ಮಗಳ ಮನೆಗೆ ಹೋಗುವಾಗಲೆಲ್ಲ ಐದಾರು ಚೆಕ್ಕಿಗೆ ಸಹಿ ಹಾಕಿಯೇ ಹೋಗುತ್ತಿದ್ದದ್ದು. ನಾವೆಲ್ಲ ಒಬ್ಬರನ್ನೊಬ್ಬರು ನಂಬುವವರಲ್ಲವೇ ಎಂದರು. ನಂಬುತ್ತೇವೆ. ನಂಬುವವರ ಮಧ್ಯೆ ಅನುಮಾನ ಹುಟ್ಟದೇ ಇರಲಿ ಎಂದೇ ಎರಡು ಸಹಿ.

ಇದು ನನ್ನ ಸ್ವಂತ ಬುದ್ಧಿಯೇನಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ಎಂದು ಶುರುಮಾಡಿತು. ಏಜೆಂಟ್ ಮನೆಬಾಗಿಲಿಗೇ ಬಂದು ದಿನಕ್ಕೆ ಎರಡಾಣೆಯಂಥ ಪುಡಿಗಾಸು ಸಂಗ್ರಹಿಸುವ ಯೋಜನೆ. ಎರಡಾಣೆಯ ವ್ಯವಹಾರ, ಆದರೂ ನಾನು ನೋಡಿದ ಪಿಗ್ಮಿ ಏಜೆಂಟರೆಲ್ಲ ಕೊಟ್ಟವರ ಎದುರಿಗೇ ಕಾರ್ಡಿನಲ್ಲೂ ತಮ್ಮ ಪುಸ್ತಕದಲ್ಲೂ ಬರೆಯುತ್ತಿದ್ದರು. ಓದು ಬಾರದ ಮೀನು ಮಾರುವ ಹೆಂಗಸು ಕೂಡ ಕಾರ್ಡನ್ನು ಮಗನಿಂದ ಓದಿಸಿ ನೋಡಬಹುದಿತ್ತು.

ಅದರಿಂದಲೇ ನಮ್ಮ ಸಂಘದಲ್ಲೂ ತಿಂಗಳ ಎರಡನೇ ಭಾನುವಾರ ಲೆಕ್ಕದ ಪುಸ್ತಕವನ್ನು ಒಂದು ಮಗುವಿನಿಂದ ಗಟ್ಟಿಯಾಗಿ ಓದಿಸುವ ಪದ್ಧತಿ ಮಾಡಿದೆ. ದೊಡ್ಡವರು ಓದಿದರೆ ಎಲ್ಲರೂ ತೂಕಡಿಸುತ್ತಾರೆ, ಮಗು ಓದಿದರೆ ಕೇಳುತ್ತಾರೆ. "ಇದೇನು, ಕಾಫಿ ತಿಂಡಿ 640?" ಎಂದು ಒಬ್ಬ ಆರನೇ ತರಗತಿಯ ಹುಡುಗ ಓದಿ ತಲೆಯೆತ್ತಿ ನೋಡಿದ ಮೇಲೆ ನಮ್ಮ ಸಭೆಗಳಲ್ಲಿ ಬೋಂಡ ನಿಂತು ಬರೀ ಕಾಫಿಯಾಯಿತು. ಉಳಿದ ಶಾಸ್ತ್ರಗಳು ಇದ್ದೇ ಇವೆ: ವರ್ಷಕ್ಕೊಂದು ಸರ್ವಸದಸ್ಯರ ಸಭೆ, ಆಡಿಟ್ ಆದ ಲೆಕ್ಕ ಮತ್ತು ಪದಾಧಿಕಾರಿಗಳ ಪಟ್ಟಿ ರಿಜಿಸ್ಟ್ರಾರರಿಗೆ, ದಾನಿಗಳ ವಿವರ ಮೇ 31ರೊಳಗೆ ಆದಾಯ ತೆರಿಗೆ ಇಲಾಖೆಗೆ. ತಡವಾದರೆ ದಿನಕ್ಕೆ 200 ರೂಪಾಯಿ ದಂಡ. ಹದಿನೈದು ದಿನ ಸೋಮಾರಿತನ ಮಾಡಿದರೆ ಒಂದು ಮಗುವಿನ ವರ್ಷ ಹೋಯಿತು.

ಈ ದಾನಿಗಳ ವಿವರ ಎಂದೆನಲ್ಲ, ನನ್ನ ಹಳೆಯ ಸ್ನೇಹಿತನೊಬ್ಬನೊಡನೆ ಮಾತು ನಿಂತದ್ದು ಅದಕ್ಕೆ ಸಂಬಂಧಪಟ್ಟೇ. ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಅವನು ವ್ಯಾಪಾರದಲ್ಲಿ ಮೇಲೆ ಬಂದ. ಸಂಘಕ್ಕೆ ಪ್ರತಿ ವರ್ಷ 15,000 ಕೊಡುತ್ತಿದ್ದ, ಎಂದರೆ ಐದು ಮಕ್ಕಳ ಪಾಲು. ನಮ್ಮ ಸಂಘಕ್ಕೆ 80ಜಿ ಅನುಮತಿ ಇದೆ. ಅಂಥ ಸಂಸ್ಥೆಗೆ ಕೊಟ್ಟ ದಾನದ ಅರ್ಧವನ್ನು, ಕೆಲವು ಮಿತಿಗೊಳಪಟ್ಟು, ದಾನಿ ತನ್ನ ಆದಾಯದಲ್ಲಿ ಕಳೆಯಬಹುದು. 2,000ಕ್ಕಿಂತ ಹೆಚ್ಚು ನಗದಾಗಿ ಕೊಟ್ಟರೆ ಅದು ಸಿಗುವುದಿಲ್ಲ. ಅಕ್ಕಿ, ಬಟ್ಟೆ, ಪುಸ್ತಕ ಕೊಟ್ಟರೂ ಇಲ್ಲ. ಶೇಕಡಾ 30ರ ಹಂತದಲ್ಲಿದ್ದ ಅವನಿಗೆ 15,000 ದಾನದಿಂದ, ಸೆಸ್ ಸೇರಿ, 2,340 ರೂಪಾಯಿ ತೆರಿಗೆ ಉಳಿಯುತ್ತಿತ್ತು. ಅದು ಸರ್ಕಾರವೇ ಕೊಟ್ಟ ರಿಯಾಯಿತಿ, ಸಂತೋಷವಾಗಿ ತೆಗೆದುಕೊಳ್ಳಬೇಕಾದದ್ದು.

ಎರಡು ವರ್ಷದ ಹಿಂದೆ ಮಾರ್ಚ್ ಕೊನೆಯ ವಾರ ಅವನು ಮನೆಗೆ ಬಂದ. ಕಾಫಿ ಕುಡಿದ. "ಲೋ, ಈ ಸಲ 1 ಲಕ್ಷದ ಚೆಕ್ ಕೊಡ್ತೀನಿ. 15,000 ಸಂಘಕ್ಕಿಟ್ಕೊ. 85,000 ಮೆಲ್ಲಗೆ ನಗದಾಗಿ ವಾಪಸ್ ಕೊಡು. ರಸೀದಿ ಮಾತ್ರ 1 ಲಕ್ಷಕ್ಕೆ" ಎಂದ. ಅವನ ಲೆಕ್ಕ ಸರಿಯಾಗಿಯೇ ಇತ್ತು. 1 ಲಕ್ಷದ ಅರ್ಧ 50,000 ಆದಾಯದಲ್ಲಿ ಕಳೆದರೆ ತೆರಿಗೆ ಉಳಿಯುವುದು 15,600. ಸಂಘಕ್ಕೆ ಕೊಟ್ಟ 15,000 ಪೂರ್ತಿ ವಾಪಸು ಬಂದು ಮೇಲೆ 600 ಲಾಭ. "ನಿನ್ನ ಮಕ್ಕಳಿಗೂ ನಷ್ಟ ಇಲ್ಲ, ನನಗೂ ಇಲ್ಲ. ಬೇಡ ಅಂದ್ರೆ ಈ ವರ್ಷ ನನ್ನ ಕೈಲಿ ಆಗಲ್ಲ ಮಾರಾಯ, ವ್ಯಾಪಾರ ಇಲ್ಲ" ಎಂದ. ವ್ಯಾಪಾರ ಇಲ್ಲದ್ದು ನಿಜವೇ. ಅವನ ಅಂಗಡಿಯ ಎದುರಿಗೇ ದೊಡ್ಡ ಮಳಿಗೆ ಬಂದಿತ್ತು.

85,000 ಹೊರಗೆ ಹೋದರೆ ಪುಸ್ತಕದಲ್ಲಿ ಅದಕ್ಕೆ ಖರ್ಚು ತೋರಿಸಬೇಕು. ತಲೆಗೆ 3,000ದಂತೆ 28 ಮಕ್ಕಳು ಮತ್ತು ಇನ್ನೊಂದು ಮಗುವಿನ ಮೂರನೇ ಒಂದು ಭಾಗ. ಇಲ್ಲದ ಆ ಮಕ್ಕಳಿಗೆಲ್ಲ ನಾನು ಹೆಸರಿಡಬೇಕು, ತರಗತಿ ಬರೆಯಬೇಕು, ಅವರ ಪರವಾಗಿ ಸಹಿ ಹಾಕಬೇಕು. ಎರಡನೇ ಭಾನುವಾರ ಯಾವುದೋ ಇರುವ ಮಗು ಎದ್ದು ನಿಂತು ಆ ಹೆಸರುಗಳನ್ನು ಗಟ್ಟಿಯಾಗಿ ಓದಬೇಕು. ಆಗುವುದಿಲ್ಲ ಕಣೋ ಎಂದೆ. "ನೀನು ಸಾಯೋತನಕ ಕೌಂಟರ್ ಬಿಟ್ಟು ಎದ್ದೇಳಲ್ಲ" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟ. ಇಲಾಖೆ ಹಿಡಿಯುತ್ತದೆ ಎಂಬ ಭಯದ ಮಾತನ್ನು ನಾನು ಅವನಿಗೆ ಆಡಲಿಲ್ಲ. ಹಿಡಿಯದಿದ್ದರೂ ನನ್ನ ಉತ್ತರ ಅದೇ ಆಗಿತ್ತು.

ಕಾರ್ಯಕಾರಿ ಸಮಿತಿಯಲ್ಲಿ ವಿಷಯ ಇಟ್ಟೆ, ಸ್ನೇಹಿತನ ಹೆಸರು ಹೇಳಲಿಲ್ಲ. ಎಲ್ಲರೂ ನನ್ನ ಬೆನ್ನು ತಟ್ಟಿದರು ಎಂದುಕೊಳ್ಳಬೇಡಿ. ಒಬ್ಬ ನಿವೃತ್ತ ಮೇಷ್ಟ್ರು ನೇರವಾಗಿ ಕೇಳಿದರು: "ನಿಮ್ಮ ಕೈ ಶುದ್ಧವಾಗಿ ಉಳೀತು, ಸಂತೋಷ. ಐದು ಮಕ್ಕಳು ಏನು ಮಾಡಬೇಕು?" ಅದಕ್ಕೆ ಉತ್ತರ ನನ್ನ ಹತ್ತಿರ ಇರಲಿಲ್ಲ. ಆ ವರ್ಷ ಪಟ್ಟಿಯಲ್ಲಿ 16 ಮಕ್ಕಳಿದ್ದರು, ಹಣ ಇದ್ದದ್ದು 11 ಜನಕ್ಕೆ. ಯಾರನ್ನು ಬಿಡುವುದು ಎಂದು ಎರಡು ಗಂಟೆ ಕೂತೆವು. ಕೊನೆಗೆ ಹತ್ತನೇ ತರಗತಿಯವರು ಮತ್ತು ದೂರದಿಂದ ಬಸ್ಸಿನಲ್ಲಿ ಬರುವವರು ಮೊದಲು ಎಂದು ತೀರ್ಮಾನಿಸಿ, ಉಳಿದ ಐದು ಹೆಸರುಗಳನ್ನು ಪುಸ್ತಕದ ಹಿಂದಿನ ಹಾಳೆಯಲ್ಲಿ 'ಬಾಕಿ' ಎಂದು ತಲೆಬರಹ ಕೊಟ್ಟು ಬರೆದೆ.

ಆ ಹಾಳೆಯನ್ನೂ ಪ್ರತಿ ಎರಡನೇ ಭಾನುವಾರ ಓದಿಸಿದೆವು. ಜೂನ್‌ನಲ್ಲಿ ಒಬ್ಬ ಹೂವಿನವಳು 300 ಕೊಟ್ಟಳು. ಆಗಸ್ಟ್‌ನಲ್ಲಿ ಮೂವರು ಪಿಂಚಣಿದಾರರು ಸೇರಿ ಒಂದು ಮಗುವಿನ ಪಾಲು ಪೂರ್ತಿ ತುಂಬಿದರು. ಅವರು ಮೂವರೂ ತೆರಿಗೆಯ ಹೊಸ ಪದ್ಧತಿ ಆರಿಸಿಕೊಂಡವರು. ಹೊಸ ಪದ್ಧತಿಯಲ್ಲಿ ತೆರಿಗೆಯ ದರ ಕಡಿಮೆ, ಆದರೆ 80ಜಿ ರಿಯಾಯಿತಿ ಇಲ್ಲ. "ನಿಮಗೆ ಇದರಿಂದ ತೆರಿಗೆಯಲ್ಲಿ ಏನೂ ಉಳಿಯೋದಿಲ್ಲ" ಎಂದು ನಾನು ಮೊದಲೇ ಹೇಳಿದೆ. ಹೇಳುವುದು ಖಜಾಂಚಿಯ ಕರ್ತವ್ಯ. "ಗೊತ್ತು ಬಿಡ್ರಿ, ರಸೀದಿ ಕೊಡಿ" ಎಂದರು. ಗೌರಿ ಹಬ್ಬದ ಹೊತ್ತಿಗೆ ಮೂರು ಹೆಸರಿಗೆ, ದೀಪಾವಳಿಗೆ ನಾಲ್ಕನೆಯದಕ್ಕೂ ಗೆರೆ ಬಿತ್ತು. ಐದನೆಯದು ಏಳನೇ ತರಗತಿಯ ಒಬ್ಬ ಹುಡುಗ. ಡಿಸೆಂಬರ್‌ನಲ್ಲಿ ಹಣ ಜೋಡಿಸಿಕೊಂಡು ಹೋಗುವ ಹೊತ್ತಿಗೆ ಅವನಪ್ಪ ಕೆಲಸ ಹುಡುಕಿಕೊಂಡು ಕಾಫಿ ತೋಟದ ಕಡೆಗೆ ಸಂಸಾರ ಸಮೇತ ಹೊರಟುಹೋಗಿದ್ದ. ಯಾವ ತೋಟ ಎಂದು ಶಾಲೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. 3,000 ಇದ್ದಿದ್ದರೆ ಅವನು ಉಳಿಯುತ್ತಿದ್ದನೋ ಇಲ್ಲವೋ, ಅದನ್ನು ನಾನು ಲೆಕ್ಕ ಹಾಕಲಾರೆ. ಮೇಷ್ಟ್ರು ಆ ದಿನ ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ವಾಸಿ ಇತ್ತು.

ಸ್ನೇಹಿತ ಈಗಲೂ ಸಂಜೆ ವಾಕಿಂಗ್‌ನಲ್ಲಿ ಎದುರಾಗುತ್ತಾನೆ. ಕೈ ಎತ್ತುತ್ತಾನೆ, ನಿಲ್ಲುವುದಿಲ್ಲ.

ಹೋದ ಮಾರ್ಚ್‌ನಲ್ಲಿ ವರ್ಷದ ಲೆಕ್ಕ ಮುಗಿಸಿ ಹೊಸ ಪುಸ್ತಕ ಹಾಕುವಾಗ ಪುಟ್ಟಿ ಪಕ್ಕದಲ್ಲಿ ಕೂತು ಶಿಲ್ಕು ಎತ್ತಿ ಬರೆಯುತ್ತಿದ್ದಳು. ಅವಳ ಅಕ್ಷರ ನನ್ನದಕ್ಕಿಂತ ಚೆನ್ನಾಗಿದೆ. ಹಿಂದಿನ ಹಾಳೆಗೆ ಬಂದು ನಿಂತಳು. "ತಾತ, ಈ ಹುಡುಗ ಊರಲ್ಲೇ ಇಲ್ಲವಲ್ಲ, ಇವನ ಹೆಸರನ್ನ ಹೊಸ ಪುಸ್ತಕಕ್ಕೂ ಎತ್ತಬೇಕಾ?" ಎಂದಳು.

ಎತ್ತು ಎಂದೆ. ಅವಳು 'ಬಾಕಿ' ಎಂದು ಬರೆದು, ಕೆಳಗೆ ಅವನ ಹೆಸರು ಬರೆದು, ಎದುರಿಗೆ 3,000 ಹಾಕಿದಳು.